ಕೆಂಪು ಹಾಯಿಯ ಥೇಮ್ಸ್ ಬಾರ್ಜ್: ಇಷ್ಟು ದೊಡ್ಡ ಹಡಗನ್ನು ಇಬ್ಬರೇ ಹೇಗೆ ನಡೆಸುತ್ತಿದ್ದರು?

ನಿವೃತ್ತ_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಮಗಳ ಮನೆಗೆಂದು ಇಂಗ್ಲೆಂಡಿಗೆ ಬಂದು ಒಂದು ತಿಂಗಳಾಯಿತು. ಎಸೆಕ್ಸ್ ಕಡೆ ಇದ್ದೇವೆ. ಮೊನ್ನೆ ಭಾನುವಾರ ಮಾಲ್ಡನ್ ಎಂಬ ಊರಿಗೆ ಕರೆದುಕೊಂಡು ಹೋಗಿದ್ದರು. ಬ್ಲ್ಯಾಕ್‌ವಾಟರ್ ಅಳಿವೆಯ ತುದಿಯಲ್ಲಿರುವ ಊರು. ಅಲ್ಲಿನ ಹೈತ್ ಕ್ವೇ ಎಂಬ ಧಕ್ಕೆಯಲ್ಲಿ ಹಳೇ ಹಾಯಿ ಹಡಗುಗಳು ಸಾಲಾಗಿ ನಿಂತಿದ್ದವು. ನೀರು ಇಳಿದಿತ್ತು. ಹಡಗುಗಳು ಎಮ್ಮೆ ಮಲಗಿದ ಹಾಗೆ ಕೆಸರಿನ ಮೇಲೆ ಆರಾಮಾಗಿ ಕೂತಿದ್ದವು. ಒಂದೂ ಪಕ್ಕಕ್ಕೆ ವಾಲಿರಲಿಲ್ಲ.

ಇವು ಥೇಮ್ಸ್ ಬಾರ್ಜ್ ಅಂತೆ. ಉದ್ದ 80ರಿಂದ 90 ಅಡಿ. 100ರಿಂದ 200 ಟನ್ ಸರಕು ಹೊರುತ್ತಿದ್ದವಂತೆ. ನಡೆಸಲು ಒಬ್ಬ ಗಂಡಸು, ಒಬ್ಬ ಹುಡುಗ, ಅಷ್ಟೇ ಸಾಕಿತ್ತು ಎಂದರು ಅಳಿಯಂದಿರು. ನಾನು ನಂಬಲಿಲ್ಲ. ಮನೆಗೆ ಬಂದು ಚಿತ್ರ ನೋಡುತ್ತಾ ಕೂತೆ. ಅಷ್ಟು ದೊಡ್ಡ ಹಾಯಿ, ಅಷ್ಟು ಹಗ್ಗ. ಇಬ್ಬರೇ? ತಿಳಿದವರು ಹೇಳಿ. ಹಾಯಿಗೆ ಆ ಕೆಂಪು ಬಣ್ಣ ಯಾಕೆ ಎಂಬುದನ್ನೂ ಹೇಳಿ.

ಸುಮ್ನೆ_ಬಂದೆ:
ಮೇಷ್ಟ್ರೇ, ಫೋಟೋ ಹಾಕಿ ಮೊದಲು. ಕೆಂಪು ರಾಜಮನೆತನದ ಬಣ್ಣ ಇರಬೇಕು. ಬ್ರಿಟಿಷರಲ್ವಾ, ಎಲ್ಲದಕ್ಕೂ ಒಂದು ದರ್ಬಾರು ಇರುತ್ತೆ.

ಕಡಲಕಾಗೆ:
ರಾಜಮನೆತನಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದು ಇಟ್ಟಿಗೆ, ಹುಲ್ಲು, ಗೊಬ್ಬರ ಹೊತ್ತ ಹಡಗು. ಬಣ್ಣದ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಮೇಷ್ಟ್ರ ದೊಡ್ಡ ಪ್ರಶ್ನೆ.

ಇಬ್ಬರಿಂದ ಆಗುತ್ತಿತ್ತು, ಮೇಷ್ಟ್ರೇ. ಅಳಿಯಂದಿರು ಹೇಳಿದ್ದು ಸರಿ. ಗುಟ್ಟು ಇರುವುದು ಸ್ಪ್ರಿಟ್ ಎಂಬ ಒಂದು ಉದ್ದನೆಯ ಕಂಬದಲ್ಲಿ. ಚಿತ್ರದಲ್ಲಿ ನೋಡಿ, ಹಾಯಿಮರದ ಬುಡದಿಂದ ಓರೆಯಾಗಿ ಮೇಲಕ್ಕೆ ಹೋಗಿದೆಯಲ್ಲ, ಅದೇ. ದೊಡ್ಡ ಬಾರ್ಜ್‌ನಲ್ಲಿ ಸುಮಾರು 60 ಅಡಿ ಇರುತ್ತದೆ. ದೊಡ್ಡ ಹಾಯಿಯ ಮೇಲಿನ ಮೂಲೆ ಈ ಕಂಬದ ತುದಿಗೆ ಕಟ್ಟಿರುತ್ತದೆ. ಕಂಬ ಯಾವಾಗಲೂ ಮೇಲೆಯೇ ಇರುತ್ತದೆ.

ಬೇರೆ ಹಡಗುಗಳಲ್ಲಿ ಹಾಯಿ ಬಿಚ್ಚುವುದೆಂದರೆ ಹತ್ತು ಜನ ಸೇರಿ ಭಾರವಾದ ಅಡ್ಡಮರವನ್ನು ಮೇಲಕ್ಕೆ ಎಳೆಯಬೇಕು. ಮಡಚುವುದೆಂದರೆ ಮತ್ತೆ ಮೇಲೆ ಹತ್ತಬೇಕು. ಇಲ್ಲಿ ಆ ಗೋಜೇ ಇಲ್ಲ. ಹಾಯಿಯ ಸುತ್ತ ಹಗ್ಗಗಳಿವೆ, ಬ್ರೇಲ್ ಎನ್ನುತ್ತಾರೆ. ಡೆಕ್ ಮೇಲೆ ನಿಂತು ಒಂದು ಸಣ್ಣ ರಾಟೆಯಂಥ ವಿಂಚ್ ತಿರುಗಿಸಿದರೆ ಕಿಟಕಿಯ ಪರದೆ ಸರಿಸಿದ ಹಾಗೆ ಇಡೀ ಹಾಯಿ ಮರಕ್ಕೆ ಮುದುಡಿಕೊಳ್ಳುತ್ತದೆ. ಬಿಟ್ಟರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ದೊಡ್ಡ ಹಾಯಿ ಮುದುಡಿ, ಮೇಲಿನ ಸಣ್ಣ ಹಾಯಿ ಒಂದನ್ನೇ ಇಟ್ಟುಕೊಂಡೂ ಹೋಗಬಹುದು. ಎರಡೂ ದಡದಲ್ಲಿ ಎತ್ತರದ ಗೋದಾಮು ಇರುವ ಇಕ್ಕಟ್ಟಿನ ಕಾಲುವೆಯಲ್ಲಿ ಕೆಳಗೆ ಗಾಳಿ ಸಿಗುವುದಿಲ್ಲ, ಮೇಲೆ ಸಿಗುತ್ತದೆ.

ಬಂದರು_ಹುಡುಗಿ:
ಪರದೆ ಹೋಲಿಕೆ ಚೆನ್ನಾಗಿದೆ ಕಾಗೆಯಣ್ಣ. ನನ್ನದೊಂದು ಅನುಮಾನ. ಕೆಸರಲ್ಲಿ ವಾಲದೆ ಕೂರುತ್ತದೆ ಎಂದರೆ ತಳ ಚಪ್ಪಟೆ ಇರಬೇಕು. ಹಾಗಿದ್ದರೆ ಅಡ್ಡಗಾಳಿ ಬಂದರೆ ಬಾಳೆಎಲೆ ತೇಲಿದ ಹಾಗೆ ಪಕ್ಕಕ್ಕೆ ಜಾರುವುದಿಲ್ಲವೇ? ಹಾಯಿ ಹಡಗಿಗೆ ನೀರೊಳಗೆ ಏನಾದರೂ ಆನಿಕೆ ಬೇಕಲ್ಲ.

ಕಡಲಕಾಗೆ:
ಸರಿಯಾದ ಪ್ರಶ್ನೆ. ಅದಕ್ಕೇ ಪಕ್ಕದಲ್ಲಿ ಎರಡು ದೊಡ್ಡ ಹಲಗೆಗಳಿವೆ. ಆನೆ ಕಿವಿಯ ಹಾಗೆ ಇಳಿಬಿದ್ದಿರುತ್ತವೆ. ಲೀಬೋರ್ಡ್ ಅಂತ ಹೆಸರು. ಡಚ್ಚರಿಂದ ಬಂದ ಉಪಾಯ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಅದರ ಎದುರು ಪಕ್ಕದ ಹಲಗೆಯನ್ನು ನೀರಿಗೆ ಇಳಿಸುತ್ತಾರೆ. ಅದು ನೀರನ್ನು ಹಿಡಿದುಕೊಳ್ಳುತ್ತದೆ, ಹಡಗು ಜಾರುವುದಿಲ್ಲ. ತಿರುಗಿದಾಗ ಇದನ್ನು ಎತ್ತಿ ಅದನ್ನು ಇಳಿಸುವುದು. ನೀರು ಕಡಿಮೆ ಇದ್ದರೆ ಎರಡನ್ನೂ ಎತ್ತಿಬಿಡುವುದು.

ಇನ್ನೊಂದು ಲಾಭ ಇದೆ. ಇಳಿಸಿದ ಹಲಗೆ ಕೆಸರಿಗೆ ತಾಗಿದರೆ ಮೇಲಿದ್ದವನಿಗೆ ಗೊತ್ತಾಗುತ್ತದೆ. ಆಳ ಅಳೆಯುವ ಕೋಲು ಬೇರೆ ಬೇಡ! ಖಾಲಿ ಇದ್ದಾಗ ಬಾರ್ಜ್‌ಗೆ ಸುಮಾರು 3 ಅಡಿ ನೀರು ಸಾಕು. ಆ ಕಡೆಯ ಕರಾವಳಿಯಲ್ಲಿ ಅಳಿವೆ, ಕೆಸರುಗದ್ದೆ, ಮರಳುದಿಬ್ಬ ಬಿಟ್ಟರೆ ಬೇರೇನಿಲ್ಲ. ಕೀಲ್, ಅಂದರೆ ತಳದಿಂದ ಕೆಳಕ್ಕೆ ಚಾಚಿದ ದಿಂಡು, ಇರುವ ಹಡಗು ಅಲ್ಲಿ ಸಿಕ್ಕಿಹಾಕಿಕೊಂಡು ಮಗುಚುತ್ತದೆ. ಬಾರ್ಜ್ ಸಿಕ್ಕಿಹಾಕಿಕೊಂಡರೆ ಟೀ ಕಾಯಿಸಿ ಕುಡಿದು ಮುಂದಿನ ಉಬ್ಬರಕ್ಕೆ ಕಾಯುತ್ತಾರೆ.

ಗರಗಸ:
ಮರ ಯಾವುದು? ಚಪ್ಪಟೆ ತಳ ಕೆಸರಲ್ಲಿ ದಿನಾ ಎರಡು ಸಲ ಕೂತು ಏಳುತ್ತದೆ ಎಂದರೆ ಹಲಗೆ ಏನಾಗಬೇಡ? ನೀರು ಒಸರುವುದಿಲ್ಲವೇ?

ಕಡಲಕಾಗೆ:
ಪಕ್ಕೆಲುಬುಗಳು ಓಕ್. ತಳಕ್ಕೆ ಎಲ್ಮ್ ಅಥವಾ ಪಿಚ್ ಪೈನ್. ಎಲ್ಮ್ ಮರ ಸದಾ ಒದ್ದೆಯಾಗಿದ್ದರೆ ಕೊಳೆಯುವುದಿಲ್ಲ. ಹಳೆಯದಾದ ಬಾರ್ಜ್‌ಗೆ ಹೊರಗಿನಿಂದ ಇನ್ನೊಂದು ಪದರ ಹಲಗೆ ಹೊಡೆಯುವುದೂ ಇತ್ತು. ಎರಡು ಪದರದ ನಡುವೆ ಟಾರು ಮತ್ತು ಪ್ರಾಣಿಗಳ ಕೂದಲು ಕಲಸಿ ಮೆತ್ತುತ್ತಿದ್ದರು. ಆಮೇಲಾಮೇಲೆ ಕಬ್ಬಿಣ, ಉಕ್ಕಿನವೂ ಬಂದವು. 1920ರ ದಶಕದಲ್ಲಿ ಗ್ರೇಟ್ ಯಾರ್ಮತ್‌ನಲ್ಲಿ ಎವೆರಾರ್ಡ್ ಕಂಪನಿಗಾಗಿ ಕಟ್ಟಿದ ನಾಲ್ಕು ಉಕ್ಕಿನ ಬಾರ್ಜ್‌ಗಳು ತಲಾ 300 ಟನ್ ಹೊರುತ್ತಿದ್ದವು. ಪೂರ್ತಿ ಅಳತೆಯ ಮರದ ಬಾರ್ಜ್‌ಗಳಲ್ಲಿ ಕೊನೆಯದು ಕ್ಯಾಬಿ, 1928ರದ್ದು.

ಲೆಕ್ಕದಮ್ಮ:
ನಾನು ಹಡಗು ಗೊತ್ತಿರುವವಳಲ್ಲ, ಲೆಕ್ಕ ಗೊತ್ತಿರುವವಳು. ನೀವೆಲ್ಲ ಹಗ್ಗ ಹಲಗೆ ಅಂತಿದ್ದೀರಿ. ನನಗೆ ಕಂಡ ಮುಖ್ಯ ವಿಷಯ ಬೇರೆ. ಖಾಲಿ ಹಡಗು.

ಸಾಮಾನ್ಯ ಹಾಯಿ ಹಡಗು ಸರಕು ಇಳಿಸಿದ ಮೇಲೆ ಹಾಗೇ ವಾಪಸು ಬರಲು ಆಗುವುದಿಲ್ಲ. ಹಗುರಾಗಿ ಮಗುಚುತ್ತದೆ. ಕಲ್ಲೋ ಮರಳೋ ದುಡ್ಡು ಕೊಟ್ಟು ತುಂಬಿಸಿ, ಆ ಕಡೆ ಹೋಗಿ ಮತ್ತೆ ಕೂಲಿ ಕೊಟ್ಟು ಇಳಿಸಬೇಕು. ಈ ಬಾರ್ಜ್ ಖಾಲಿ ಇದ್ದಾಗಲೂ ಹಾಯಿ ಬಿಟ್ಟುಕೊಂಡು ಹೋಗುತ್ತದೆ. ಅಗಲ ಜಾಸ್ತಿ, ತಳ ಚಪ್ಪಟೆ, ಹಾಗಾಗಿ ನಿಲ್ಲುತ್ತದೆ. ಆ ಖರ್ಚೇ ಇಲ್ಲ. ಇನ್ನು ಸಂಬಳ ಇಬ್ಬರದ್ದೇ. ಅದೂ ತಿಂಗಳ ಸಂಬಳ ಅಲ್ಲ, ಪಾಲು.

ಪಾಲು ಹೇಗೆಂದರೆ, ಬಾಡಿಗೆಯ ಅರ್ಧ ಹಡಗಿನ ಮಾಲೀಕನಿಗೆ. ಉಳಿದರ್ಧದಲ್ಲಿ ಮೂರನೇ ಎರಡು ಭಾಗ ಕ್ಯಾಪ್ಟನ್‌ಗೆ, ಒಂದು ಭಾಗ ಜೊತೆಗಾರನಿಗೆ. 30 ಪೌಂಡ್ ಬಾಡಿಗೆ ಎಂದಿಟ್ಟುಕೊಳ್ಳಿ. ಮಾಲೀಕನಿಗೆ 15, ಕ್ಯಾಪ್ಟನ್‌ಗೆ 10, ಹುಡುಗನಿಗೆ 5. ಗಾಳಿ ಇಲ್ಲದೆ ವಾರಗಟ್ಟಲೆ ನಿಂತರೆ ಯಾರಿಗೂ ಏನೂ ಇಲ್ಲ. ಮಾಲೀಕನ ತಲೆನೋವನ್ನೆಲ್ಲ ಆ ಇಬ್ಬರ ಹೊಟ್ಟೆಗೆ ಕಟ್ಟಿದ ಹಾಗಾಯಿತು ಇದು. ರೈಲು ಬಂದ ಮೇಲೂ ಬಾರ್ಜ್ ಬಾಳಿತು ಎಂದು ಎಲ್ಲರೂ ಹೊಗಳುತ್ತಾರೆ. ಯಾರ ಬೆನ್ನ ಮೇಲೆ ಬಾಳಿತು ಅಂತಾನೂ ಹೇಳಬೇಕಲ್ವಾ?

ಸುಮ್ನೆ_ಬಂದೆ:
ಅಮ್ಮ ಬಂದರು, ವೋಚರ್ ತೆಗೆದುಕೊಂಡು. 😀

ಕಡಲಕಾಗೆ:
ಲೆಕ್ಕದಮ್ಮ ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಒಂದು ಮಾತು ಸೇರಿಸುತ್ತೇನೆ. ಅದೇ ಪಾಲಿನ ಆಸೆಗೆ ಕ್ಯಾಪ್ಟನ್‌ಗಳು ಎಂಥ ಹವಾಮಾನದಲ್ಲೂ ಹೊರಡುತ್ತಿದ್ದರು. ಮೊದಲು ಮುಟ್ಟಿದವನಿಗೆ ಮುಂದಿನ ಸರಕು. ಚಾಣಾಕ್ಷ ಕ್ಯಾಪ್ಟನ್ ಒಳ್ಳೆಯ ದುಡ್ಡೇ ಮಾಡುತ್ತಿದ್ದ.

ಬಂದರು_ಹುಡುಗಿ:
ಕ್ಯಾಪ್ಟನ್ ಅನ್ನಬೇಡಿ, ನಮ್ಮ ಕರಾವಳಿಯವರ ಮಾತಲ್ಲಿ ತಾಂಡೇಲ ಅನ್ನಿ. ಕೇಳಲು ಎಷ್ಟು ಚೆಂದ.

ನಿವೃತ್ತ_ಮೇಷ್ಟ್ರು:
ತಾಂಡೇಲ! ಎಷ್ಟು ವರ್ಷವಾಯಿತು ಆ ಮಾತು ಕೇಳಿ. ಸರಿ, ತಾಂಡೇಲ ಮತ್ತು ಹುಡುಗ. ಸರಕು ಏನೇನಿತ್ತು ಹೇಳಿ. ಹುಲ್ಲು ಎಂದಿರಲ್ಲ, ಹುಲ್ಲಿಗೆ ಹಡಗು ಯಾಕೆ?

ಕಡಲಕಾಗೆ:
ಹಾಂ, ಈ ಭಾಗ ನನಗೆ ಬಹಳ ಇಷ್ಟ.

ಆ ಕಾಲದ ಲಂಡನ್ ಕುದುರೆಗಳ ಮೇಲೆ ನಡೆಯುತ್ತಿತ್ತು. ಬಸ್ಸು, ಗಾಡಿ, ಸಾರೋಟು, ಎಲ್ಲಕ್ಕೂ ಕುದುರೆ. ಅವುಗಳಿಗೆ ಮೇವು ಬೇಕು. ಮೇವು ಬೆಳೆಯುವುದು ಎಸೆಕ್ಸ್, ಸಫೋಕ್ ಹೊಲಗಳಲ್ಲಿ. ಬಾರ್ಜ್ ಉಬ್ಬರದಲ್ಲಿ ಸೀದಾ ಹೊಲದ ಪಕ್ಕದ ಕಾಲುವೆಗೆ ನುಗ್ಗುತ್ತಿತ್ತು. ನೀರು ಇಳಿದ ಮೇಲೆ ಕೆಸರಲ್ಲಿ ಕೂರುತ್ತಿತ್ತು. ರೈತರು ಗಾಡಿ ತಂದು ಪಕ್ಕದಲ್ಲೇ ನಿಲ್ಲಿಸಿ ತುಂಬುತ್ತಿದ್ದರು. ಬಂದರು ಬೇಡ, ಕ್ರೇನ್ ಬೇಡ.

ಹುಲ್ಲು ಹಗುರ. ಹೊಟ್ಟೆ ತುಂಬಿದರೂ ಇನ್ನೂ ಜಾಗ ಇರುತ್ತಿತ್ತು. ಅದಕ್ಕೆ ಡೆಕ್ ಮೇಲೆಯೇ ಹನ್ನೆರಡು ಅಡಿ ಎತ್ತರಕ್ಕೆ ಬಣವೆ ಒಟ್ಟುತ್ತಿದ್ದರು. ನಮ್ಮ ಊರಿನ ಬಣವೆಯೇ ಹಾಯಿ ಕಟ್ಟಿಕೊಂಡು ಹೊರಟ ಹಾಗೆ. ಇಂಥ ಬಾರ್ಜ್‌ಗೆ ಸ್ಟ್ಯಾಕಿ ಅಂತ ಹೆಸರು. ಬಣವೆಗೆ ತಾಗದಂತೆ ಹಾಯಿಯ ಕೆಳಭಾಗವನ್ನು ಮೇಲಕ್ಕೆ ಎತ್ತಿ ಕಟ್ಟಬೇಕು. ಹಿಂದೆ ಚುಕ್ಕಾಣಿ ಹಿಡಿದ ತಾಂಡೇಲನಿಗೆ ಮುಂದೆ ಹುಲ್ಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹುಡುಗ ಬಣವೆಯ ನೆತ್ತಿ ಮೇಲೆ ನಿಂತು ಎಡಕ್ಕೆ, ಬಲಕ್ಕೆ ಎಂದು ಕೂಗಬೇಕು. ಜಗತ್ತಿನ ಅತಿ ದಟ್ಟಣೆಯ ನದಿಗಳಲ್ಲೊಂದು ಥೇಮ್ಸ್. ಅದರಲ್ಲಿ ಕಣ್ಣು ಒಬ್ಬನದು, ಕೈ ಇನ್ನೊಬ್ಬನದು.

ವಾಪಸು ಬರುವಾಗ ಏನು ತರುತ್ತಿದ್ದರು ಊಹಿಸಿ. ಅದೇ ಕುದುರೆಗಳ ಲದ್ದಿ. ಹೊಲಕ್ಕೆ ಗೊಬ್ಬರ. ಅದರಿಂದ ಮತ್ತೆ ಹುಲ್ಲು.

ಸುಮ್ನೆ_ಬಂದೆ:
ಅಂದರೆ ಮೇಷ್ಟ್ರು ಮುಗ್ಧವಾಗಿ ಚೆಂದ ಅಂತ ನೋಡಿ ಬಂದಿದ್ದು ತಿಪ್ಪೆ ಗಾಡಿ!

ಕಡಲಕಾಗೆ:
ತಿಪ್ಪೆ ಗಾಡಿಯೇ. ಇನ್ನೂ ಕೇಳಿ. ಕೆಂಟ್ ಕಡೆ, ಸಿಟ್ಟಿಂಗ್‌ಬೋರ್ನ್, ಫೇವರ್‌ಶ್ಯಾಮ್ ಸುತ್ತಮುತ್ತ ದೊಡ್ಡ ದೊಡ್ಡ ಇಟ್ಟಿಗೆ ಗೂಡುಗಳಿದ್ದವು. ಲಂಡನ್ ಬೆಳೆದಿದ್ದು ಆ ಹಳದಿ ಇಟ್ಟಿಗೆಯಲ್ಲಿ. ಬಾರ್ಜ್ ಇಟ್ಟಿಗೆ ಹೊತ್ತು ಲಂಡನ್‌ಗೆ ಹೋಗುವುದು, ಬರುವಾಗ ಲಂಡನ್ ಮನೆಗಳ ಒಲೆಯ ಬೂದಿ, ಕಸ ತುಂಬಿಕೊಂಡು ಬರುವುದು. ಆ ಬೂದಿಯಲ್ಲಿ ಅರ್ಧ ಉರಿದ ಕಲ್ಲಿದ್ದಲು ಇರುತ್ತಿತ್ತು. ಜರಡಿ ಹಿಡಿದು ಜೇಡಿಮಣ್ಣಿಗೆ ಕಲಸುತ್ತಿದ್ದರು. ಸುಡುವಾಗ ಇಟ್ಟಿಗೆ ಒಳಗಿನಿಂದಲೂ ಬೇಯುತ್ತಿತ್ತು, ಸೌದೆ ಉಳಿಯುತ್ತಿತ್ತು. ಲಂಡನ್ನಿನ ಕಸವೇ ಲಂಡನ್ನಿನ ಗೋಡೆ ಆಯಿತು.

ಈ ಕಸದಲ್ಲೇ ಶ್ರೀಮಂತನಾದವನು ಹೆನ್ರಿ ಡಾಡ್. ಬಂಗಾರದ ಕಸದವ ಎಂದೇ ಜನ ಕರೆಯುತ್ತಿದ್ದರು. 1863ರಲ್ಲಿ ಬಾರ್ಜ್‌ಗಳಿಗೆ ಪಂದ್ಯ ಶುರು ಮಾಡಿದ್ದು ಅವನೇ. ವಿಹಾರದ ದೋಣಿಯವರು ಪಂದ್ಯ ಆಡುವುದು ಸರಿ, ಸರಕು ಹೊರುವವರು ಯಾಕೆ ಆಡಬಾರದು ಎಂಬ ಹಟ. ಅದರಿಂದ ಹಡಗೂ ಸುಧಾರಿಸಿತು. ಮೊದಲಿನ ಬಾರ್ಜ್‌ಗಳ ಮೂತಿ ಮೊರದ ಹಾಗೆ ಚಪ್ಪಟೆ. ಹತ್ತೊಂಬತ್ತನೇ ಶತಮಾನದಲ್ಲಿ ಅದು ಚೂಪಾಯಿತು. ಹಿಂದೆ ಉದ್ದನೆ ಮರದ ಹಿಡಿ ಇದ್ದ ಕಡೆ ಚಕ್ರ ಬಂತು. ಪಂದ್ಯ ಗೆಲ್ಲಬೇಕೆಂದು ಕಟ್ಟುವವರೂ ಪೈಪೋಟಿಗೆ ಬಿದ್ದರು.

ಲೆಕ್ಕದಮ್ಮ:
ಕಸದವ ಪಂದ್ಯ ಕಟ್ಟಿದ್ದು ಖುಷಿಯಾಯಿತು. ಈ ಒಂದಕ್ಕೆ ನನ್ನ ಆಕ್ಷೇಪಣೆ ವಾಪಸು.

ಬಂದರು_ಹುಡುಗಿ:
ಬಣ್ಣದ ಕಥೆ ಬಾಕಿ ಇದೆ ಅಣ್ಣ. ಆ ಕಡೆಯ ಮೀನುಗಾರರು ಹಾಯಿಗೆ ಕಾಚು ಹಾಕುತ್ತಿದ್ದರು ಎಂದು ಓದಿದ್ದೆ. ನಾವು ಎಲೆ ಅಡಿಕೆಗೆ ಹಾಕುವ ಕಾಚೇ!

ಕಡಲಕಾಗೆ:
ಮೀನುಗಾರರ ಮಟ್ಟಿಗೆ ಸರಿ. ಕಾಚನ್ನು ನೀರಲ್ಲಿ ಕುದಿಸಿ ಹಾಯಿ, ಬಲೆ ಅದ್ದುತ್ತಿದ್ದರು. ಬಾರ್ಜ್‌ನವರದು ಬೇರೆ ಪಾಕ. ಮೀನೆಣ್ಣೆ, ಕೆಮ್ಮಣ್ಣು, ಸಮುದ್ರದ ನೀರು. ಎಲ್ಲ ಕಲಸಿ, ಹಾಯಿಯನ್ನು ನೆಲದ ಮೇಲೆ ಹಾಸಿ ಪೊರಕೆಯಲ್ಲಿ ಬಳಿಯುವುದು. ಕೆಲವರು ಕುದುರೆ ಕೊಬ್ಬನ್ನೂ ಸೇರಿಸುತ್ತಿದ್ದರು. ಎಣ್ಣೆಯಿಂದ ಬಟ್ಟೆ ಮೆತ್ತಗಿರುತ್ತದೆ, ಕೊಳೆಯುವುದಿಲ್ಲ. ಕೆಮ್ಮಣ್ಣು ಬಿಸಿಲಿನಿಂದ ಕಾಯುತ್ತದೆ. ಬ್ರೇಲ್ ಮಾಡಿದ ಹಾಯಿ ಮಳೆಯಲ್ಲಿ ನೆನೆದು ಮಡಿಕೆಯಾಗಿಯೇ ತಿಂಗಳುಗಟ್ಟಲೆ ಇರುತ್ತದೆ, ಅದಕ್ಕೆ ಇದು ಬೇಕೇಬೇಕು. ಮುಟ್ಟಿದರೆ ಬಟ್ಟೆಯೆಲ್ಲ ಕೆಂಪು. ನಾನು ಒಂದು ದಿನದ ಪ್ರಯಾಣಕ್ಕೆ ಹೋಗಿ ಒಳ್ಳೆಯ ಅಂಗಿ ಹಾಳು ಮಾಡಿಕೊಂಡಿದ್ದೇನೆ. ವಾಸನೆ ಕೇಳಬೇಡಿ.

ಗರಗಸ:
ಸೇತುವೆ ಇತ್ತಲ್ಲ ಥೇಮ್ಸ್‌ಗೆ? ಇಷ್ಟು ಎತ್ತರದ ಮರ ಇಟ್ಟುಕೊಂಡು ಹೇಗೆ ದಾಟುತ್ತಿದ್ದರು?

ಕಡಲಕಾಗೆ:
ಮರ ಡೆಕ್ ಒಳಗೆ ಇಳಿದಿರುವುದಿಲ್ಲ. ಡೆಕ್ ಮೇಲೆ ಒಂದು ಪೆಟ್ಟಿಗೆಯಂಥ ಗೂಡಿನಲ್ಲಿ ಕೀಲಿನ ಮೇಲೆ ನಿಂತಿರುತ್ತದೆ. ಮುಂದಿನ ಹಗ್ಗ ಸಡಿಲಿಸಿದರೆ ಮರ, ಸ್ಪ್ರಿಟ್, ಹಾಯಿ ಸಮೇತ ಹಿಂದಕ್ಕೆ ಮಲಗುತ್ತದೆ. ಗಟ್ಟಿ ಗುಂಡಿಗೆಯವರು ಸೇತುವೆ ಹತ್ತಿರ ಬರುವವರೆಗೂ ಹಾಯಿಯಲ್ಲೇ ಬಂದು, ಕೊನೇ ಗಳಿಗೆಯಲ್ಲಿ ಎಲ್ಲ ಮಲಗಿಸಿ, ಬಂದ ವೇಗದಲ್ಲೇ ಕೆಳಗೆ ನುಸುಳುತ್ತಿದ್ದರು. ಆ ಕಡೆ ಹೋದ ತಕ್ಷಣ ಎತ್ತಬೇಕು. ಮಲಗಿಸುವುದು ಸುಲಭ, ಎತ್ತುವುದಕ್ಕೆ ಸೊಂಟ ಬೀಳುತ್ತದೆ. ಮುಂಭಾಗದ ವಿಂಡ್ಲಾಸ್ ಎಂಬ ದೊಡ್ಡ ರಾಟೆ ತಿರುಗಿಸಿಯೇ ಎತ್ತಬೇಕು. ಇದೊಂದು ಕಡೆ ಇಬ್ಬರು ಸಾಲುತ್ತಿರಲಿಲ್ಲ. ಸೇತುವೆ ಹತ್ತಿರ ಹಫ್ಲರ್ ಎಂಬ ಆಳು ಕಾಯುತ್ತಿದ್ದ. ಸಣ್ಣ ದೋಣಿಯಲ್ಲಿ ಬಂದು ಹತ್ತಿ, ಕೈ ಜೋಡಿಸಿ, ದುಡ್ಡು ತೆಗೆದುಕೊಂಡು ಹೋಗುತ್ತಿದ್ದ.

ನಿವೃತ್ತ_ಮೇಷ್ಟ್ರು:
ಅಂದರೆ ನನ್ನ ಅನುಮಾನದಲ್ಲೂ ಒಂದಿಷ್ಟು ಹುರುಳಿತ್ತು! ಅಳಿಯಂದಿರಿಗೆ ಹಫ್ಲರ್ ವಿಷಯ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಇವೆಲ್ಲ ಯಾವಾಗ ನಿಂತವು?

ಕಡಲಕಾಗೆ:
1900ರ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಬಾರ್ಜ್ ನೋಂದಣಿಯಾಗಿದ್ದವು. ಮೊದಲ ಮಹಾಯುದ್ಧದ ನಂತರ ಲಾರಿ ಬಂತು. ಕುದುರೆ ಹೋಯಿತು, ಹುಲ್ಲೂ ಹೋಯಿತು. ಬಹಳಷ್ಟು ಬಾರ್ಜ್‌ಗಳಿಗೆ ಇಂಜಿನ್ ಕೂರಿಸಿ ಹಾಯಿ ಕಿತ್ತರು. ಕೆಲವು ಮನೆಗಳಾದವು, ಕೆಲವು ಕೆಸರಲ್ಲೇ ಕೊಳೆತವು.

1940ರ ಡನ್‌ಕರ್ಕ್ ಕೇಳಿರುತ್ತೀರಿ. ಫ್ರಾನ್ಸ್ ದಡದಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ತರಲು ಸುಮಾರು 30 ಬಾರ್ಜ್ ಹೋದವು. ಚಪ್ಪಟೆ ತಳ, ಮರಳಿನವರೆಗೂ ಹೋಗಬಹುದು. ಹತ್ತಕ್ಕೂ ಹೆಚ್ಚು ಬಾರ್ಜ್ ವಾಪಸು ಬರಲಿಲ್ಲ. ಪಡ್ಜ್ ಎಂಬ ಬಾರ್ಜ್ 1922ರದ್ದು. ಇನ್ನೆರಡು ಬಾರ್ಜ್ ಜೊತೆ ಅದನ್ನು ಒಂದು ಟಗ್ ಎಳೆಯುತ್ತಿತ್ತು. ಟಗ್ ಸ್ಫೋಟಗೊಂಡು ಮುಳುಗಿತು. ಆ ಎರಡೂ ಹೋದವು. ಪಡ್ಜ್ ಮಾತ್ರ ನೀರಿನಿಂದ ಮೇಲಕ್ಕೆ ಎಗರಿ ನೆಟ್ಟಗೆ ಬಿತ್ತು. ಈನಾ ಎಂಬುದನ್ನು ಅದರ ಸಿಬ್ಬಂದಿ ದಡದಲ್ಲಿ ಬಿಟ್ಟು ಬಂದಿದ್ದರು. ಕೆಲವು ಸೈನಿಕರು ಅದನ್ನು ಹತ್ತಿ ತಾವೇ ಇಂಗ್ಲೆಂಡಿಗೆ ನಡೆಸಿಕೊಂಡು ಬಂದರು.

ಸುಮ್ನೆ_ಬಂದೆ:
ಸೈನಿಕರಿಗೇ ಬಂತು ಅಂದರೆ ಹಡಗು ಮಾಡಿದವರು ನಿಜಕ್ಕೂ ಸುಲಭ ಮಾಡಿದ್ದರು.

ಕಡಲಕಾಗೆ:
ಯಾರೂ ಇಲ್ಲದೆಯೂ ಹೋಗುತ್ತೆ ಗುರುಗಳೇ. 1927ರ ಕ್ರಿಸ್‌ಮಸ್ ಮರುದಿನ ಕಾರ್ನ್‌ವಾಲ್ ಕಡೆ ಬಿರುಗಾಳಿ. ಲೇಡಿ ಡ್ಯಾಫ್ನಿ ಎಂಬ ಬಾರ್ಜ್‌ನ ತಾಂಡೇಲ ಅಲೆಗೆ ಕೊಚ್ಚಿಹೋದ. ಉಳಿದವರನ್ನು ಲೈಫ್‌ಬೋಟ್ ಇಳಿಸಿಕೊಂಡಿತು. ಬಾರ್ಜ್ ತನ್ನಷ್ಟಕ್ಕೆ ತಾನೇ ಸಮುದ್ರ ದಾಟಿ ಸಿಲ್ಲಿ ದ್ವೀಪಗಳ ಮರಳ ದಡಕ್ಕೆ ಹೋಗಿ ಕೂತಿತು. ಒಳಗೆ ಇದ್ದದ್ದು ತಾಂಡೇಲನ ಪಂಜರದ ಕ್ಯಾನರಿ ಹಕ್ಕಿ ಮಾತ್ರ. ಬದುಕಿತ್ತು.

ಲೆಕ್ಕದಮ್ಮ:
ಪಾಪ, ಆ ತಾಂಡೇಲ. ಎಲ್ಲರೂ ಹಕ್ಕಿಯ ಕಥೆಯನ್ನೇ ಹೇಳುತ್ತಾರೆ.

ಕಡಲಕಾಗೆ:
ನಿಜ ಅಮ್ಮ.

ಕೊನೆಯದು ಕೇಂಬ್ರಿಯಾ. 1906ರಲ್ಲಿ ಗ್ರೀನ್‌ಹೈತ್‌ನಲ್ಲಿ ಕಟ್ಟಿದ್ದು. ಒಂದು ದಿನವೂ ಇಂಜಿನ್ ಹಾಕಲಿಲ್ಲ. ಅದರ ತಾಂಡೇಲ ಬಾಬ್ ರಾಬರ್ಟ್ಸ್ ಜನಪದ ಹಾಡುಗಾರ ಕೂಡ. 1966ರಲ್ಲಿ ತಾನೇ ಅದನ್ನು ಕೊಂಡುಕೊಂಡ. 1970ರ ಅಕ್ಟೋಬರ್‌ನಲ್ಲಿ 100 ಟನ್ ಹಿಂಡಿ ಹೊತ್ತಿದ್ದು ಅದರ ಕೊನೆಯ ಸರಕು. ಹೌದು, ದನದ ಹಿಂಡಿಯೇ. ಬ್ರಿಟನ್‌ನಲ್ಲಿ ಬರೀ ಹಾಯಿಯ ಮೇಲೆ ಸರಕು ಸಾಗಿಸಿ ಹೊಟ್ಟೆ ಹೊರೆದವರಲ್ಲಿ ಅವನೇ ಕೊನೆಯವನು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ವರ್ಷ ದಾಟಿತ್ತು! ಆಮೇಲೆ ಕೇಂಬ್ರಿಯಾ ಮ್ಯೂಸಿಯಂ ಆಯಿತು, ಕೊಳೆಯಿತು. 2007ರಿಂದ 2011ರವರೆಗೆ ಫೇವರ್‌ಶ್ಯಾಮ್‌ನಲ್ಲಿ ಮತ್ತೆ ಕಟ್ಟಿದರು. ದೊಡ್ಡ ಪಾಲು ದುಡ್ಡು ಬಂದಿದ್ದು ಲಾಟರಿಯ ಪರಂಪರೆ ನಿಧಿಯಿಂದ.

ಗರಗಸ:
ಮತ್ತೆ ಕಟ್ಟಿದರು ಎಂದರೆ ಹಳೇ ಮರ ಎಷ್ಟು ಉಳಿಯಿತು? ಹಿಡಿ ಬದಲಾಯಿಸಿ, ಅಲಗು ಬದಲಾಯಿಸಿ, ಅಜ್ಜನ ಕೊಡಲಿ ಅಂದ ಹಾಗೆ ಆಗಲಿಲ್ಲವೇ?

ಕಡಲಕಾಗೆ:
ಬಹಳಷ್ಟು ಹೊಸ ಮರವೇ. ಆದರೆ ಕೊಡಲಿಯನ್ನು ಗೋಡೆಗೆ ನೇತು ಹಾಕಲಿಲ್ಲ, ಸೌದೆ ಒಡೆಯುತ್ತಿದ್ದಾರೆ. ಮತ್ತೆ ಪಂದ್ಯಕ್ಕೆ ಇಳಿಯಿತಲ್ಲ. ನನಗೆ ಅಷ್ಟು ಸಾಕು. ನಿಮಗೆ ಸಾಕಾಗದಿದ್ದರೆ ಬೇರೆ ಎಳೆ ತೆರೆಯಿರಿ, ಜಗಳ ಆಡೋಣ.

ನಿವೃತ್ತ_ಮೇಷ್ಟ್ರು:
ನಿನ್ನೆ ಮತ್ತೆ ಹೋಗಿದ್ದೆ. ಈ ಸಲ ಮೊಮ್ಮಗನನ್ನೂ ಕರೆದುಕೊಂಡು ಹೋದೆ. ಧಕ್ಕೆಯಲ್ಲಿ ಪಡ್ಜ್ ನಿಂತಿತ್ತು! ಹೆಸರು ಓದಿ ಮೈ ಜುಮ್ಮೆಂದಿತು. ಹೋದ ವಾರ ಅದರ ಪಕ್ಕದಲ್ಲೇ ನಿಂತು ಐಸ್‌ಕ್ರೀಂ ತಿಂದಿದ್ದೆ, ಏನೂ ಗೊತ್ತಿಲ್ಲದೆ.

ಉಬ್ಬರ ಬರುವವರೆಗೆ ಕಾದೆವು. ಎರಡು ಗಂಟೆ ಹಿಡಿಯಿತು. ಮೊದಲು ಕೆಸರಿನ ಗೀರುಗಳಲ್ಲಿ ನೀರು ಬಂತು. ಆಮೇಲೆ ಲೀಬೋರ್ಡ್‌ನ ಅಂಚು ಮುಳುಗಿತು. ಯಾವಾಗ ತೇಲಿತು ಎಂದು ನನಗೆ ತಿಳಿಯಲೇ ಇಲ್ಲ. ಮೊಮ್ಮಗ ಹಗ್ಗ ನೋಡುತ್ತಾ ಕೂತಿದ್ದ. "ತಾತಾ, ಹಗ್ಗ ಸಡಿಲ ಆಯ್ತು, ಎದ್ದಿದೆ" ಎಂದ.

ಒಂದು ಪ್ರಶ್ನೆ ಅವನದು. ಆ ಹುಡುಗ ಬಣವೆ ಮೇಲಿಂದ ಕೂಗಿದ್ದು ಗಾಳಿಯಲ್ಲಿ ಹಿಂದೆ ಇದ್ದವರಿಗೆ ಕೇಳಿಸುತ್ತಿತ್ತಾ?

ಕಡಲಕಾಗೆ:
ಬಣವೆ ಮೇಲೆ ನಿಲ್ಲುವವನಿಗೆ ಗಂಟಲು ದೊಡ್ಡದಿರಬೇಕು ಎಂದು ಹೇಳಿ, ಮೇಷ್ಟ್ರೇ. ಅವನಿಗೆ ಎಷ್ಟು ವಯಸ್ಸು?

ನಿವೃತ್ತ_ಮೇಷ್ಟ್ರು:
ಏಳು. ಗಂಟಲು ಇದೆ.